ಭಾಸ್ಕರನ ಊರು ಯಾವುದಾದರೇನು, ಆ ಸಂಖ್ಯೆ ನಮ್ಮದಾಗಲಿ

ಕೆಲವು ಸಂಖ್ಯೆಗಳಿಗೆ ಮನುಷ್ಯರಿಗಿರುವಂತೆಯೇ ಕೀರ್ತಿ ಇರುತ್ತದೆ. 1729 ಎಂದೊಡನೆ ಶ್ರೀನಿವಾಸ ರಾಮಾನುಜನ್ ಅವರ ಆಸ್ಪತ್ರೆಯ ಹಾಸಿಗೆ, ಪ್ರೊ. ಹಾರ್ಡಿ ಏರಿ ಬಂದ ಟ್ಯಾಕ್ಸಿ ನೆನಪಿಗೆ ಬರುತ್ತವೆ. 6174 ಎಂದರೆ ದೇವಲಾಲಿಯ ಶಾಲಾ ಶಿಕ್ಷಕ ದತ್ತಾತ್ರೇಯ ಕಾಪ್ರೇಕರ್. ಆದರೆ 1,76,63,19,049 ಎಂಬ ಸಂಖ್ಯೆಯನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ನೂರೆಪ್ಪತ್ತಾರು ಕೋಟಿ ಅರವತ್ತಮೂರು ಲಕ್ಷ ಹತ್ತೊಂಬತ್ತು ಸಾವಿರದ ನಲವತ್ತೊಂಬತ್ತು. ಕ್ರಿ.ಶ. 1150ರಲ್ಲಿ ರಚಿತವಾದ 'ಸಿದ್ಧಾಂತ ಶಿರೋಮಣಿ'ಯ ಬೀಜಗಣಿತ ಭಾಗದಲ್ಲಿ ಭಾಸ್ಕರಾಚಾರ್ಯ ಕೇಳಿದ ಒಂದು ಪ್ರಶ್ನೆಗೆ ಇದು ಉತ್ತರ. ಆ ಭಾಸ್ಕರಾಚಾರ್ಯ ನಮ್ಮವನೆಂದು ವಿಜಯಪುರ ಜಿಲ್ಲೆ ಬಹುಕಾಲದಿಂದ ಹೆಮ್ಮೆಪಡುತ್ತ ಬಂದಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಶಾಲೆಗಳಲ್ಲಿ ಅವನ ಹೆಸರು ಗೊತ್ತಿಲ್ಲದ ಮಕ್ಕಳು ವಿರಳವಿದ್ದಾರು. ಆದರೆ ಅವನ ಈ ಸಂಖ್ಯೆಯ ಪರಿಚಯ ಎಷ್ಟು ಮಕ್ಕಳಿಗಿದೆ ಎಂಬುದು ಬೇರೆಯೇ ಪ್ರಶ್ನೆ.

ಭಾಸ್ಕರನ ಪ್ರಶ್ನೆ ನೋಡಲು ಬಲು ಸರಳ. ಯಾವ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ, ಬಂದುದಕ್ಕೆ 1 ಕೂಡಿಸಿದರೆ ಮತ್ತೊಂದು ಪೂರ್ಣವರ್ಗ ದೊರೆಯುತ್ತದೆ?

ಇದನ್ನು ಇಂಡಿಯ ನಿಂಬೆ ತೋಟಕ್ಕೆ ಹೊಂದಿಸಿ ಹೇಳಬಹುದು. ಒಬ್ಬ ರೈತನ ಬಳಿ ಒಂದೇ ಅಳತೆಯ ಕೆಲವು ಚೌಕ ತೋಟಗಳಿವೆ. ಪ್ರತಿ ತೋಟದಲ್ಲೂ ಸಾಲುಗಳೆಷ್ಟೋ ಸಾಲಿಗೆ ಗಿಡಗಳೂ ಅಷ್ಟೇ. ಅವನ ಕೈಯಲ್ಲಿ ಇನ್ನೊಂದು ಸಸಿ ಇದೆ. ಎಲ್ಲ ತೋಟಗಳ ಗಿಡಗಳನ್ನೂ ಈ ಒಂದು ಸಸಿಯನ್ನೂ ಸೇರಿಸಿ ಒಂದೇ ದೊಡ್ಡ ಚೌಕವಾಗಿ ನೆಡಬೇಕು. ಒಂದು ಗಿಡವೂ ಹೆಚ್ಚಾಗಬಾರದು, ಕಡಿಮೆಯಾಗಬಾರದು. ತೋಟಗಳು 60 ಇದ್ದರೆ ಕೆಲಸ ಸುಲಭ: ಸಾಲಿಗೆ 4 ಗಿಡಗಳಿದ್ದರೆ ಸಾಕು. 60 ತೋಟಗಳ 960 ಗಿಡಗಳಿಗೆ ಒಂದು ಸೇರಿದರೆ 961, ಅದು 31ರ ವರ್ಗ. ತೋಟಗಳು 62 ಇದ್ದರೂ ಕಷ್ಟವಿಲ್ಲ: ಸಾಲಿಗೆ 8 ಗಿಡ, ದೊಡ್ಡ ಚೌಕದಲ್ಲಿ ಸಾಲಿಗೆ 63. ಇವೆರಡರ ನಡುವಿನ 61ಕ್ಕೂ ಇಂತಹುದೇ ಒಂದು ಸಣ್ಣ ಉತ್ತರವಿರಬೇಕೆಂದು ಯಾರಿಗಾದರೂ ಅನಿಸುತ್ತದೆ.

ಆದರೆ 61ರ ಸ್ವಭಾವವೇ ಬೇರೆ. ಅದಕ್ಕೆ ಇರುವ ಅತ್ಯಂತ ಚಿಕ್ಕ ಉತ್ತರದಲ್ಲಿ ಪ್ರತಿ ತೋಟದ ಸಾಲಿಗೆ 22,61,53,980 ಗಿಡಗಳು ಬೇಕು. ದೊಡ್ಡ ಚೌಕದ ಸಾಲಿಗೆ 1,76,63,19,049. ಗಿಡದಿಂದ ಗಿಡಕ್ಕೆ 6 ಮೀಟರ್ ಅಂತರವಿಟ್ಟರೆ ಒಂದು ಸಣ್ಣ ತೋಟದ ಒಂದು ಸಾಲಿನ ಉದ್ದವೇ 13 ಲಕ್ಷ ಕಿಲೊಮೀಟರ್ ದಾಟುತ್ತದೆ. ಚಂದ್ರ ನಮ್ಮಿಂದ ಇರುವುದು ಸರಾಸರಿ 3.84 ಲಕ್ಷ ಕಿಲೊಮೀಟರ್ ದೂರದಲ್ಲಿ! ಒಂದರ ನಂತರ ಒಂದರಂತೆ ಸಂಖ್ಯೆಗಳನ್ನು ಪರೀಕ್ಷಿಸುತ್ತ ಉತ್ತರ ಹುಡುಕಲು ಹೊರಟವನು ಸೆಕೆಂಡಿಗೊಂದು ಸಂಖ್ಯೆಯನ್ನು ಮುಗಿಸಿದರೂ, ನಿದ್ರಾಹಾರಗಳನ್ನು ಬಿಟ್ಟು ಏಳು ವರ್ಷಕ್ಕೂ ಹೆಚ್ಚು ಕಾಲ ಕೂರಬೇಕಾದೀತು. ಹನ್ನೆರಡನೇ ಶತಮಾನದಲ್ಲಿ ಇದನ್ನು ಕಂಡುಕೊಂಡಾತ ಹೀಗೆ ತಡಕಾಡಿದವನಲ್ಲ ಎಂಬುದು ಸ್ಪಷ್ಟ. ಅವನ ಬಳಿ ಒಂದು ಕ್ರಮವಿತ್ತು.

ಚಕ್ರ ಉರುಳಿದ ಬಗೆ

ಭಾರತೀಯ ಗಣಿತಜ್ಞರು ಈ ಬಗೆಯ ಲೆಕ್ಕವನ್ನು 'ವರ್ಗಪ್ರಕೃತಿ' ಎಂದರು. ಗುಣಿಸುವ 61 ಇಲ್ಲಿ ಪ್ರಕೃತಿ. ಚಿಕ್ಕ ಸಂಖ್ಯೆ ಕನಿಷ್ಠ, ದೊಡ್ಡದು ಜ್ಯೇಷ್ಠ. ಸೇರಿಸುವ ಅಥವಾ ಕಳೆಯುವ ಸಂಖ್ಯೆ ಕ್ಷೇಪ. ಇದನ್ನು ಬಿಡಿಸುವ ಭಾಸ್ಕರನ ವಿಧಾನದ ಹೆಸರು 'ಚಕ್ರವಾಲ'. ಸರಿಯಾದ ಉತ್ತರ ಸಿಗುವವರೆಗೆ ಒಂದೇ ಕ್ರಿಯೆ ಚಕ್ರದಂತೆ ಮರಳಿ ಮರಳಿ ಬರುವುದರಿಂದ ಆ ಹೆಸರು.

ಮೊದಲು ಸ್ಥೂಲವಾದ ಒಂದು ಉತ್ತರದಿಂದ ಆರಂಭಿಸಬೇಕು. 8ರ ವರ್ಗ 64. ಅದು 61ಕ್ಕಿಂತ 3 ಹೆಚ್ಚು. ಹಾಗಾಗಿ ಜ್ಯೇಷ್ಠ 8, ಕನಿಷ್ಠ 1, ಕ್ಷೇಪ 3. ನಮಗೆ ಬೇಕಾದ ಕ್ಷೇಪ 1. ಈಗ ಒಂದು ಹೊಸ ಸಂಖ್ಯೆಯನ್ನು ಆರಿಸಬೇಕು. ಅದನ್ನು 8ಕ್ಕೆ ಕೂಡಿಸಿದರೆ ಮೊತ್ತವು 3ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಅದರ ವರ್ಗ 61ಕ್ಕೆ ಆದಷ್ಟು ಹತ್ತಿರವಿರಬೇಕು. 4, 7, 10 ಇವೆಲ್ಲ ಮೊದಲ ನಿಬಂಧನೆಗೆ ಒಪ್ಪುತ್ತವೆ. ಎರಡನೆಯದಕ್ಕೆ ಒಪ್ಪುವುದು 7. 8 ಮತ್ತು 7 ಸೇರಿ 15, ಅದನ್ನು 3ರಿಂದ ಭಾಗಿಸಿದರೆ 5: ಇದು ಹೊಸ ಕನಿಷ್ಠ. 8ನ್ನು 7ರಿಂದ ಗುಣಿಸಿ 61 ಕೂಡಿಸಿದರೆ 117, ಅದನ್ನು 3ರಿಂದ ಭಾಗಿಸಿದರೆ 39: ಇದು ಹೊಸ ಜ್ಯೇಷ್ಠ. ತಾಳೆ ನೋಡೋಣ. 39ರ ವರ್ಗ 1521. 5ರ ವರ್ಗದ 61 ಪಟ್ಟು 1525. ಕೊರತೆ ಬರೀ 4.

ಇಲ್ಲಿಂದ ಮುಂದಕ್ಕೆ ಭಾಸ್ಕರ ತನಗಿಂತ ಐದು ಶತಮಾನ ಹಿಂದಿನ ಬ್ರಹ್ಮಗುಪ್ತನ ನೆರವು ಪಡೆಯುತ್ತಾನೆ. ಕ್ರಿ.ಶ. 628ರಲ್ಲಿ 'ಬ್ರಾಹ್ಮಸ್ಫುಟಸಿದ್ಧಾಂತ' ರಚಿಸಿದ ಬ್ರಹ್ಮಗುಪ್ತ, ಇಂತಹ ಎರಡು ಜೋಡಿಗಳನ್ನು ಬೆಸೆದು ಮೂರನೆಯದನ್ನು ಪಡೆಯುವ 'ಭಾವನಾ' ಎಂಬ ಸೂತ್ರವನ್ನು ಕೊಟ್ಟಿದ್ದ. ಜೋಡಿಗಳನ್ನು ಬೆಸೆದಾಗ ಅವುಗಳ ಕ್ಷೇಪಗಳು ಪರಸ್ಪರ ಗುಣಿಸಿಕೊಳ್ಳುತ್ತವೆ. 39 ಮತ್ತು 5ನ್ನು ಅರ್ಧ ಮಾಡಿದರೆ ಕೊರತೆ 4ರಿಂದ 1ಕ್ಕೆ ಇಳಿಯುತ್ತದೆ. ಆದರೆ ಆ ಸಂಖ್ಯೆಗಳು ಭಿನ್ನರಾಶಿಗಳು. ಆ ಜೋಡಿಯನ್ನು ಅದರೊಂದಿಗೇ ಬೆಸೆದು, ಬಂದುದನ್ನು ಮತ್ತೊಮ್ಮೆ ಅದರೊಂದಿಗೆ ಬೆಸೆದರೆ ಭಿನ್ನಗಳು ಕಳೆದು 29,718 ಮತ್ತು 3,805 ಎಂಬ ಪೂರ್ಣಾಂಕಗಳು ದೊರೆಯುತ್ತವೆ. 29,718ರ ವರ್ಗ 88,31,59,524. 3,805ರ ವರ್ಗದ 61 ಪಟ್ಟು 88,31,59,525. ಕೊರತೆ ಕೇವಲ ಒಂದು. ಈ ಜೋಡಿಯನ್ನು ಕೊನೆಯದಾಗಿ ಅದರೊಂದಿಗೇ ಬೆಸೆದರೆ, ಋಣವನ್ನು ಋಣದಿಂದ ಗುಣಿಸಿದಾಗ ಧನವಾಗುವಂತೆ, ಒಂದರ ಕೊರತೆಯು ಒಂದರ ಹೆಚ್ಚಳವಾಗುತ್ತದೆ. ಮೇಲಿನ ಎರಡು ಸಂಖ್ಯೆಗಳ ಮೊತ್ತವೇ 1,76,63,19,049. 29,718 ಮತ್ತು 3,805ರ ಗುಣಲಬ್ಧದ ಎರಡು ಪಟ್ಟು 22,61,53,980. ಏಳು ವರ್ಷದ ಹುಡುಕಾಟ ಕಾಗದದ ಒಂದೇ ಮಗ್ಗುಲಿನಲ್ಲಿ ಮುಗಿಯಿತು. ಇದರಲ್ಲಿ ಎಲ್ಲಿಯೂ ಕೂಡು, ಕಳೆ, ಗುಣಿಸು, ಭಾಗಿಸುಗಳಿಗಿಂತ ದೊಡ್ಡ ಆಯುಧ ಬಳಕೆಯಾಗಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಸಂಖ್ಯೆಯ ಒಳಗೆ

ಹೀಗೆ ಬಂದ ಸಂಖ್ಯೆಯನ್ನು ಸ್ವಲ್ಪ ಹೊತ್ತು ನೋಡುತ್ತ ಕುಳಿತರೆ ಅದು ಇನ್ನೂ ಕೆಲವು ಗುಟ್ಟುಗಳನ್ನು ಬಿಟ್ಟುಕೊಡುತ್ತದೆ. ಅದಕ್ಕಿಂತ ಒಂದು ಕಡಿಮೆ ಇರುವ 1,76,63,19,048ನ್ನು ತೆಗೆದುಕೊಳ್ಳಿ: ಅದು 29,718ರ ವರ್ಗದ ಸರಿಯಾಗಿ ಎರಡು ಪಟ್ಟು. ಒಂದು ಹೆಚ್ಚಿರುವ 1,76,63,19,050ನ್ನು ತೆಗೆದುಕೊಳ್ಳಿ: ಅದು 3,805ರ ವರ್ಗದ 122 ಪಟ್ಟು, ಅಂದರೆ 61ರ ಇಮ್ಮಡಿಯಷ್ಟು ಪಟ್ಟು. ಎಡಬಲದ ನೆರೆಯವರಿಬ್ಬರೂ ಒಂದೊಂದು ವರ್ಗವನ್ನು ಮಡಿಲಲ್ಲಿಟ್ಟುಕೊಂಡಿದ್ದಾರೆ. ಆ ಎರಡು ವರ್ಗಗಳಿಂದಲೇ ನಮ್ಮ ಸಂಖ್ಯೆ ಹುಟ್ಟಿದೆ.

ಇಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯವಿರಬಹುದೇ? ಅಲ್ಲ. ಅದು 1523 ಮತ್ತು 11,59,763ರ ಗುಣಲಬ್ಧ. ಈ 1523 ಕೂಡ ಎಲ್ಲಿಂದಲೋ ಬಂದದ್ದಲ್ಲ. 39 ಮತ್ತು 5ರ ಜೋಡಿಯನ್ನು ಅರ್ಧ ಮಾಡಿ ಮೊದಲ ಸಲ ಬೆಸೆದಾಗ ಮೂಡುವ ಜ್ಯೇಷ್ಠವೇ 1523ರ ಅರ್ಧ. ದಾರಿಯಲ್ಲಿ ಸಿಕ್ಕವರು ಕೊನೆಯವರೆಗೂ ಜೊತೆಗೆ ಬಂದಿದ್ದಾರೆ. ಕನಿಷ್ಠವಾದ 22,61,53,980 ಸಣ್ಣ ಸಣ್ಣ ಅವಿಭಾಜ್ಯಗಳಾಗಿ ಒಡೆಯುತ್ತದೆ: 2 ಎರಡು ಬಾರಿ, 3 ಎರಡು ಬಾರಿ, ಮತ್ತೆ 5, 13, 127, 761.

ಎಲ್ಲಕ್ಕಿಂತ ಉಪಯುಕ್ತವಾದ ಗುಣ ಮತ್ತೊಂದಿದೆ. 61ರ ವರ್ಗಮೂಲವನ್ನು ಭಿನ್ನರಾಶಿಯಾಗಿ ನಿಖರವಾಗಿ ಬರೆಯಲು ಸಾಧ್ಯವಿಲ್ಲ. ಆದರೆ ಜ್ಯೇಷ್ಠವನ್ನು ಕನಿಷ್ಠದಿಂದ ಭಾಗಿಸಿದರೆ ಬರುವ ಬೆಲೆ ದಶಮಾಂಶ ಬಿಂದುವಿನ ನಂತರ 17 ಸ್ಥಾನಗಳವರೆಗೆ ಆ ವರ್ಗಮೂಲದೊಂದಿಗೆ ಹೊಂದುತ್ತದೆ. 'ಲೀಲಾವತಿ'ಯಲ್ಲಿ ಭಾಸ್ಕರ ಏಕದಿಂದ ಮೊದಲುಗೊಂಡು 18 ಸ್ಥಾನಗಳಿಗೆ ಹೆಸರು ಹೇಳುತ್ತಾನೆ. ಕೊನೆಯದು ಪರಾರ್ಧ, ಅಂದರೆ ಒಂದರ ಮುಂದೆ 17 ಸೊನ್ನೆ. ಅವನ ಉತ್ತರದಲ್ಲಿ ಉಳಿಯುವ ದೋಷ ಪರಾರ್ಧದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅವನು ಹೆಸರಿಟ್ಟ ಸಂಖ್ಯಾಲೋಕದ ಅಂಚಿನವರೆಗೂ ಅವನ ಲೆಕ್ಕ ತಪ್ಪುವುದಿಲ್ಲ.

ಫರ್ಮಾ ಎಸೆದ ಸವಾಲು

ಭಾಸ್ಕರನ ನಂತರ ಐದು ಶತಮಾನ ಕಳೆದವು. 1657ರಲ್ಲಿ ಫ್ರಾನ್ಸಿನ ಪಿಯರ್ ದ ಫರ್ಮಾ ತನ್ನ ಸಮಕಾಲೀನ ಗಣಿತಜ್ಞರಿಗೆ ಇದೇ ಬಗೆಯ ಸಮಸ್ಯೆಯನ್ನು ಸವಾಲಾಗಿ ಒಡ್ಡಿದ. ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ ಅವನು ಉದಾಹರಣೆಗೆ ಆರಿಸಿದ ಸಂಖ್ಯೆಗಳು 61 ಮತ್ತು 109. ಫರ್ಮಾ ಭಾಸ್ಕರನ ಹೆಸರನ್ನು ಕೇಳಿದ್ದನೆನ್ನಲು ಯಾವ ಆಧಾರವೂ ಇಲ್ಲ. ನೂರರೊಳಗಿನ ಸಂಖ್ಯೆಗಳಲ್ಲಿ ಅತ್ಯಂತ ಹಟಮಾರಿಯಾದುದು 61 ಎಂಬುದನ್ನು ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದರು, ಅಷ್ಟೇ. ಇಂಗ್ಲೆಂಡಿನ ಬ್ರೌಂಕರ್ ಒಂದು ವಿಧಾನವನ್ನು ಕಂಡುಹಿಡಿದ. ಮುಂದೆ ಆಯ್ಲರ್ ತಪ್ಪು ಗ್ರಹಿಕೆಯಿಂದ ಇದಕ್ಕೆ ಜಾನ್ ಪೆಲ್ ಎಂಬಾತನ ಹೆಸರನ್ನು ಅಂಟಿಸಿದ್ದರಿಂದ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಇದು ಇಂದಿಗೂ 'ಪೆಲ್ ಸಮೀಕರಣ'. 1817ರಲ್ಲಿ ಕೋಲ್‌ಬ್ರೂಕ್ ಭಾಸ್ಕರನ ಗ್ರಂಥಗಳನ್ನು ಇಂಗ್ಲಿಷಿಗೆ ತಂದಾಗ, ಬ್ರೌಂಕರ್‌ಗಿಂತ ಬಹಳ ಮೊದಲೇ ಪೂರ್ವದಲ್ಲಿ ಈ ಕೆಲಸ ನಡೆದಿತ್ತೆಂಬುದು ಯುರೋಪಿನ ವಿದ್ವಾಂಸರಿಗೆ ತಿಳಿಯಿತು.

ಇಂಗ್ಲೆಂಡಿನ ಒಗಟುಗಾರ ಹೆನ್ರಿ ಡ್ಯೂಡೆನಿ 1917ರ ತನ್ನ ಪುಸ್ತಕದಲ್ಲಿ ಇದೇ 61ನ್ನು ಯುದ್ಧಭೂಮಿಗೆ ಇಳಿಸಿದ. 61 ಚೌಕವ್ಯೂಹಗಳಲ್ಲಿ ನಿಂತ ಸೈನಿಕರು ತಮ್ಮ ರಾಜನೊಬ್ಬನನ್ನು ಸೇರಿಸಿಕೊಂಡು ಒಂದೇ ಮಹಾಚೌಕವಾಗುವ ಒಗಟು ಅದು. 1565ರಲ್ಲಿ ವಿಜಯನಗರದ ಭವಿಷ್ಯವನ್ನು ನಿರ್ಧರಿಸಿದ ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ ಹಳೆಯ ಮುದ್ದೇಬಿಹಾಳ ತಾಲ್ಲೂಕಿನ ಊರು. ಕೃಷ್ಣೆಯ ದಂಡೆಯಲ್ಲಿ ಸೇರಿದ್ದ ಸೇನೆಗಳೆಲ್ಲ ಒಂದಾದರೂ ಡ್ಯೂಡೆನಿಯ ಒಂದು ವ್ಯೂಹದ ಮೂಲೆಯೂ ತುಂಬುತ್ತಿರಲಿಲ್ಲ.

ಮೈಸೂರಿನಲ್ಲಿ ಸಿಕ್ಕ ಸಾಧನೆ

ಚಕ್ರವಾಲದ ಕುರಿತು ಒಂದು ಸಂಶಯ ಮಾತ್ರ ಉಳಿದಿತ್ತು. ಚಕ್ರ ಉರುಳುತ್ತ ಹೋದರೆ ಕೊನೆಗೆ ಕ್ಷೇಪ 1 ಬಂದೇ ಬರುತ್ತದೆಯೆಂಬ ಖಾತರಿ ಏನು? ಇಂತಹ ಸಮಸ್ಯೆಗಳಿಗೆಲ್ಲ ಉತ್ತರವಿದ್ದೇ ಇರುತ್ತದೆ ಎಂಬುದನ್ನು 18ನೇ ಶತಮಾನದ ಉತ್ತರಾರ್ಧದಲ್ಲಿ ಲಗ್ರಾಂಜ್ ಬೇರೆ ಮಾರ್ಗದಿಂದ ಸಾಧಿಸಿದ್ದ. ಭಾಸ್ಕರನ ವಿಧಾನವೇ ತಪ್ಪದೆ ಗುರಿ ಮುಟ್ಟಿಸುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಮೈಸೂರಿನಲ್ಲಿದ್ದರು. ಮೈಸೂರು ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್ ಅವರು 1929–30ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಚಕ್ರವಾಲವನ್ನು ಆಧುನಿಕ ಗಣಿತದ ಒರೆಗೆ ಹಚ್ಚಿದರು. ಅದು ಯುರೋಪಿನ ವಿಧಾನದ ಮರುರೂಪವಲ್ಲ, ತನ್ನದೇ ತರ್ಕವುಳ್ಳ ಸ್ವತಂತ್ರ ಕ್ರಮ ಎಂದು ತೋರಿಸಿದರು.

1929ರಲ್ಲೇ ಅವರ ಮನೆಯಲ್ಲಿ ಹುಟ್ಟಿದ ಮಗ ಎ.ಕೆ. ರಾಮಾನುಜನ್. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ವಚನಗಳನ್ನು ಇಂಗ್ಲಿಷಿನ ಮೂಲಕ ಜಗತ್ತಿಗೆ ತಲುಪಿಸಿದ ಕವಿ ಅವರೇ. ಬಸವಣ್ಣನವರೂ ಭಾಸ್ಕರನೂ ಒಂದೇ ಶತಮಾನದವರು. ತಂದೆ ಒಬ್ಬನ ಗಣಿತವನ್ನು, ಮಗ ಇನ್ನೊಬ್ಬರ ಮಾತನ್ನು ಹೊಸ ಕಾಲಕ್ಕೆ ಅರ್ಥಮಾಡಿಸಿಕೊಟ್ಟರು. ಹನ್ನೆರಡನೇ ಶತಮಾನವನ್ನು ನಮ್ಮದಾಗಿಸಿಕೊಳ್ಳುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಹುಟ್ಟೂರಿನ ವಿವಾದ

ನಾವಾದರೋ ಹೆಚ್ಚಿನ ಉತ್ಸಾಹವನ್ನು ಹುಟ್ಟೂರಿನ ವಿವಾದಕ್ಕೇ ಖರ್ಚು ಮಾಡಿದ್ದೇವೆ. ತಾನು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದೆನೆಂದೂ, ಸಹ್ಯಾದ್ರಿಗೆ ಹತ್ತಿರವಿದ್ದ ವಿಜ್ಜಡವಿಡ ಎಂಬ ಊರಿನವನೆಂದೂ, ತಂದೆ ಮಹೇಶ್ವರನೆಂದೂ ಭಾಸ್ಕರನೇ ಹೇಳಿಕೊಂಡಿದ್ದಾನೆ. ಆ ಊರು ಇಂದಿನ ವಿಜಯಪುರವೇ ಎಂಬುದು ನಮ್ಮ ಕಡೆಯ ವಾದ. ಸಹ್ಯಾದ್ರಿ ವಿಜಯಪುರಕ್ಕೆ ಹತ್ತಿರವಿಲ್ಲ ಎಂಬುದು ಅದಕ್ಕೆ ಎದುರಾಗುವ ಮೊದಲ ತೊಡಕು. ಮಹಾರಾಷ್ಟ್ರದ ವಿದ್ವಾಂಸರು ಜಳಗಾಂವ ಜಿಲ್ಲೆಯ ಚಾಳೀಸಗಾಂವ ಸಮೀಪದ ಪಾಟಣೆಯಲ್ಲಿ ದೊರೆತ 13ನೇ ಶತಮಾನದ ಆರಂಭದ ಶಾಸನವನ್ನು ಮುಂದಿಡುತ್ತಾರೆ. ಭಾಸ್ಕರನ ಮೊಮ್ಮಗ ಚಂಗದೇವ ತನ್ನ ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಅಲ್ಲಿ ಮಠವೊಂದನ್ನು ಸ್ಥಾಪಿಸಿದ ಸಂಗತಿ ಅದರಲ್ಲಿದೆ. ಅದು ಮೊಮ್ಮಗನ ಊರಿಗೆ ಸಾಕ್ಷಿಯೇ ಹೊರತು ಅಜ್ಜನ ಹುಟ್ಟೂರಿಗಲ್ಲ ಎಂದು ನಾವು ಮರುವಾದ ಹೂಡಬಹುದು. ವಾದ ಮುಂದುವರಿಯಲಿ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿ ಅವರು ಶಾಸನ ಮತ್ತು ಹಸ್ತಪ್ರತಿಗಳ ನಡುವೆಯೇ ಬದುಕು ಸವೆಸಿದವರು. ಅಂತಹವರ ನಾಡಿನಲ್ಲಿ ಅಭಿಮಾನವನ್ನೇ ಆಧಾರವೆಂದು ಒಪ್ಪಲಾಗದು.

ಅಭಿಮಾನ ಅತಿಯಾಗದಂತೆ ತಡೆಯುವವನೂ ಭಾಸ್ಕರನೇ. ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭರ ವಿಸ್ತಾರವಾದ ಗ್ರಂಥಗಳಿಂದ ಸಾರವನ್ನು ಸಂಗ್ರಹಿಸಿದ್ದೇನೆಂದು ತನ್ನ ಬೀಜಗಣಿತದ ಕೊನೆಯಲ್ಲಿ ಅವನು ಒಪ್ಪಿಕೊಳ್ಳುತ್ತಾನೆ. ಚಕ್ರವಾಲ ಕೂಡ ಅವನೊಬ್ಬನ ಸೃಷ್ಟಿಯಲ್ಲ. ಜಯದೇವನೆಂಬ ಗಣಿತಜ್ಞನ ಇಂತಹುದೇ ವಿಧಾನವನ್ನು 1073ರ ಒಂದು ವ್ಯಾಖ್ಯಾನ ಉಲ್ಲೇಖಿಸಿರುವುದು 20ನೇ ಶತಮಾನದಲ್ಲಿ ಬೆಳಕಿಗೆ ಬಂದಿದೆ. ವಿದ್ಯೆ ಕೈಯಿಂದ ಕೈಗೆ ದಾಟುತ್ತ ಬಂದಿತ್ತು. ಅದನ್ನು ಸ್ಪಷ್ಟವಾಗಿ, ಕಲಿಯುವವರಿಗೆ ಎಟುಕುವಂತೆ ಇಟ್ಟವನು ಭಾಸ್ಕರ.

ಈ ಮಣ್ಣಿನ ಲೆಕ್ಕ

ಹುಟ್ಟೂರು ಯಾವುದೇ ಇರಲಿ, ಈ ಪ್ರದೇಶ ವಿದ್ಯೆಗೆ ಹೊರತಾಗಿರಲಿಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಕಂಬದ ಶಾಸನವಿದೆ. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ವಿದ್ಯಾಲಯ ಕಟ್ಟಿಸಿದ. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು, ದೀಪದ ಎಣ್ಣೆಗೆಂದೇ ಬಿಟ್ಟ ಭೂಮಿ, ಮದುವೆ ಮುಂಜಿಗಳಾದಾಗ ಊರವರಿಂದ ಕಾಣಿಕೆ. ಓದುವ ಮಕ್ಕಳ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕು ಎಂಬುದನ್ನೂ ಆ ಕಾಲದ ಜನ ಯೋಚಿಸಿದ್ದರು.

ಅದಕ್ಕೂ ಒಂದು ಶತಮಾನ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಸಂಖ್ಯಾಸ್ಥಾನಗಳಿಗೆ 24 ಹೆಸರುಗಳನ್ನು ಕೊಟ್ಟವನು ಅವನು. ಬರೀ ಗುಣಾಕಾರ ಕಲಿಸುವಾಗಲೂ ಮಕ್ಕಳ ಕಣ್ಣರಳುವಂತಹ ಲೆಕ್ಕಗಳನ್ನು ಆರಿಸಿದ. 1,52,207ನ್ನು 73ರಿಂದ ಗುಣಿಸಿ ನೋಡಿ: 1,11,11,111. 2,79,94,681ನ್ನು 441ರಿಂದ ಗುಣಿಸಿ: 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ ಹಿಂದಿನಿಂದ ಓದಿದರೂ ಅದೇ. ಹನ್ನೆರಡನೇ ಶತಮಾನದ ರಾಜಾದಿತ್ಯನಂತೂ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ರಚಿಸಿದ. ಗಣಿತವನ್ನು ಕನ್ನಡದಲ್ಲಿ ಹೇಳಲು ಬಾರದು ಎನ್ನುವವರಿಗೆ ಎಂಟು ಶತಮಾನಗಳ ಹಿಂದೆಯೇ ಉತ್ತರ ಸಿದ್ಧವಾಗಿತ್ತು.

ಇಂದು ಹಳ್ಳಿಯ ಹೈಸ್ಕೂಲುಗಳಲ್ಲಿ ಗಣಿತವೆಂದರೆ ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ಕಾದು ಕುಳಿತ ಭಯ. ಸೂತ್ರ ಉರು ಹೊಡೆದು, ಅಂಕ ಗಳಿಸಿ, ಮರೆಯುವ ವಿಷಯ. ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನದಂದು ರಾಮಾನುಜನ್ ಭಾವಚಿತ್ರಕ್ಕೆ ಹಾರ, 1729ರ ಕಥೆ, ಅಲ್ಲಿಗೆ ಮುಗಿಯಿತು. ಈ ನಾಲ್ಕು ತಾಲ್ಲೂಕುಗಳ ಶಿಕ್ಷಕರು ಮನಸ್ಸು ಮಾಡಿದರೆ ಆ ದಿನ ಒಂದು ಪೀರಿಯಡ್‌ನಲ್ಲಿ ಕಪ್ಪುಹಲಗೆಯ ಮೇಲೆ 8ರಿಂದ ಹೊರಟು 39ರ ಮೂಲಕ 1,76,63,19,049ರವರೆಗೆ ಮಕ್ಕಳನ್ನು ಕರೆದೊಯ್ಯಬಹುದು. ಇದಕ್ಕೆ ಪ್ರಯೋಗಾಲಯ ಬೇಡ, ಅನುದಾನ ಬೇಡ, ಕಂಪ್ಯೂಟರೂ ಬೇಡ. 60ಕ್ಕೆ 4, 62ಕ್ಕೆ 8 ಎಂದು ತಾವೇ ಕಂಡುಕೊಂಡ ಮಗು 61ರ ಮುಂದೆ ತಡವರಿಸಿ ನಿಂತಾಗ ಹುಟ್ಟುವ ಕುತೂಹಲವನ್ನು ಯಾವ ಗೈಡೂ ಕೊಡಲಾರದು. ದೊಡ್ಡದನ್ನು ಕಂಡು ಹೆದರಬೇಕಿಲ್ಲ, ಸರಿಯಾದ ಕ್ರಮವಿದ್ದರೆ ಸಣ್ಣ ಸಣ್ಣ ಹೆಜ್ಜೆಗಳಲ್ಲೇ ಅದನ್ನು ಮುಟ್ಟಬಹುದು ಎಂಬುದನ್ನು ಆ ಮಗು ತನ್ನ ಕೈಯಾರೆ ಕಲಿಯುತ್ತದೆ. ಗಣಿತದ ಆಚೆಗೂ ಉಪಯೋಗಕ್ಕೆ ಬರುವ ಪಾಠವಿದು.

ಭಾಸ್ಕರನ ಹೆಸರನ್ನು ವೃತ್ತಕ್ಕೆ, ಭವನಕ್ಕೆ, ಪ್ರಶಸ್ತಿಗೆ ಇಡುವುದು ಸುಲಭ. ಅದಕ್ಕೆ ಹುಟ್ಟೂರಿನ ಹಕ್ಕುಪತ್ರ ಬೇಕು, ಅದು ಇನ್ನೂ ಇತ್ಯರ್ಥವಾಗಿಲ್ಲ. ಅವನ ಸಂಖ್ಯೆಗೆ ಅಂತಹ ತಕರಾರಿಲ್ಲ. ಲೆಕ್ಕ ಮಾಡಿ ತಾಳೆ ನೋಡಿದವರೆಲ್ಲರಿಗೂ ಅದು ಸೇರುತ್ತದೆ. ಮುದ್ದೇಬಿಹಾಳದ ಹುಡುಗಿಗೆ ಎಷ್ಟೋ ಚಾಳೀಸಗಾಂವದ ಹುಡುಗನಿಗೂ ಅಷ್ಟೇ.